ಮಾತ್ರೆ ನುಂಗಿದರೆ ಹಲ್ಲಿನ ಸೋಂಕು ಹೋಗಲ್ಲ

ಸಂಪಾದಕರೇ,

ರೂಟ್ ಕೆನಾಲ್ (ಹಲ್ಲಿನ ಬೇರಿನ ನಾಳಗಳಿಂದ ನರ ತೆಗೆದು, ಶುಚಿ ಮಾಡಿ ಮುಚ್ಚುವ ಚಿಕಿತ್ಸೆ) ಮಾಡಿಸಿದ ಹಲ್ಲಿನ ಬುಡ ಮತ್ತೆ ಊದಿಕೊಂಡರೆ ಎಷ್ಟೋ ಜನ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಿ ಸುಮ್ಮನಾಗುತ್ತಾರೆ. ನಮ್ಮಮ್ಮನೂ ಹಾಗೇ ಮಾಡುತ್ತಿದ್ದರು. ಊತ ಇಳಿಯುತ್ತದೆ, ಸೋಂಕು ಹೋಗುವುದಿಲ್ಲ. ನರ ತೆಗೆದ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲ, ಮಾತ್ರೆಯ ಔಷಧ ಅಲ್ಲಿಗೆ ತಲುಪುವುದಾದರೂ ಹೇಗೆ ಅಲ್ವಾ? ಎಂಟರೊಕಾಕಸ್ ಫೀಕ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಆಹಾರ ಸಿಗದಿದ್ದರೂ ಬಹಳ ಕಾಲ ಬದುಕಬಲ್ಲದು. ಮೇಲಿನ ದವಡೆಹಲ್ಲಿನಲ್ಲಿ ಎಷ್ಟೋ ಸಲ 4ನೇ ನಾಳ ಇರುತ್ತದೆ, ಅದು ಕಣ್ಣಿಗೆ ಬೀಳದೆ ಉಳಿದರೂ, ಕ್ಯಾಪ್ ಹಾಕಿಸಲು ತಡಮಾಡಿ ಎಂಜಲು ಒಳಗೆ ಸೋರಿದರೂ ಸೋಂಕು ಮರಳುತ್ತದೆ. ಮತ್ತೆ ತೆರೆದು ಶುಚಿ ಮಾಡಿದರೆ ಹಲವು ಹಲ್ಲುಗಳು ಉಳಿಯುತ್ತವೆ, ಕೀಳಲೇಬೇಕೆಂದಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ರೂಟ್ ಕೆನಾಲ್ ಚಿಕಿತ್ಸೆ ನೀಡುವ ವಿಭಾಗವಿದೆ. ಈ ಮರುಚಿಕಿತ್ಸೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗುವಂತೆ ಸರ್ಕಾರ ಮಾಡಲಿ.

– ಓದುಗ, ತುಮಕೂರು