ಹೆಡ್ ಬಿಚ್ಚುವ ಮುನ್ನ ಒಂದು ಪ್ರೆಶರ್ ಟೆಸ್ಟ್

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯಲ್ಲಿ ಆಗುಂಬೆ ಘಾಟಿಯುದ್ದಕ್ಕೂ ಬಾನೆಟ್ ಎತ್ತಿ ನಿಂತ ಕಾರುಗಳನ್ನು ನಿಮ್ಮ ಓದುಗರು ಕಂಡಿರುತ್ತಾರೆ. ಅವುಗಳಲ್ಲಿ ಕೆಲವು ಸಂಜೆಯ ಹೊತ್ತಿಗೆ ಹೆಬ್ರಿಯ ನನ್ನ ಗ್ಯಾರೇಜಿಗೆ ಬಂದು ಸೇರುತ್ತವೆ. 'ಘಾಟಿಯಲ್ಲವೇ, ಹೀಟ್ ಆಗುವುದು ಸಹಜ' ಎನ್ನುತ್ತಾರೆ ಮಾಲೀಕರು. ಖಂಡಿತ ಸಹಜವಲ್ಲ. ಸರಿಯಿರುವ ಕಾರು ಏಪ್ರಿಲ್ ಬಿಸಿಲಿನಲ್ಲೂ ಏಸಿ ಹಾಕಿಕೊಂಡೇ ಆ 14 ತಿರುವುಗಳನ್ನು ಹತ್ತಬೇಕು.

ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಕಡಿಮೆಯಾಗುತ್ತಿತ್ತೇ ಎಂದು ಕೇಳಿದರೆ 'ಹೌದು, ಆಗಾಗ ಬಾವಿ ನೀರು ಹಾಕುತ್ತಿದ್ದೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೂಲೆಂಟ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವೇ? ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನಮ್ಮ ಕಡೆಯ ಬಾವಿಗಳಲ್ಲಿ ಕಬ್ಬಿಣದ ಅಂಶ, ಕಡಲ ಬದಿಯಲ್ಲಿ ಉಪ್ಪು. ಎರಡೂ ರೇಡಿಯೇಟರಿಗೆ ಶತ್ರು.

ನೆಲದಲ್ಲಿ ಹನಿ ಕಾಣಲಿಲ್ಲವೆಂದು ನೆಮ್ಮದಿ ಪಡಬೇಡಿ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲ್ ಸವೆದರೆ ಕೂಲೆಂಟ್ ಅಲ್ಲಿಂದ ಜಿನುಗಿ, ಬಿಸಿ ಇಂಜಿನ್ನಿನ ಮೇಲೆಯೇ ಒಣಗಿಹೋಗುತ್ತದೆ. ಉಳಿಯುವುದು ಹಸಿರೋ ಗುಲಾಬಿಯೋ ಬಣ್ಣದ ಪುಡಿಯ ಗೆರೆ ಮಾತ್ರ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಸಿಗುತ್ತದೆ; ಬಗ್ಗುವವರು ಕಡಿಮೆ. ರೇಡಿಯೇಟರ್ ಮುಚ್ಚಳದ ಕಥೆಯೂ ಇದೇ. ಸುಮಾರು ಒಂದು ಬಾರ್ ಒತ್ತಡವನ್ನು ಹಿಡಿದಿಟ್ಟು, ಕೂಲೆಂಟ್ ಬೇಗ ಕುದಿಯದಂತೆ ತಡೆಯುವುದು ಅದೇ. ಅದರ ರಬ್ಬರ್ ಬಿರಿದರೆ ಘಾಟಿಯ ಅರ್ಧದಲ್ಲೇ ಕೂಲೆಂಟ್ ಕುದಿದು ಹೊರಬರುತ್ತದೆ. ಮುಚ್ಚಳ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಬೇರೆಲ್ಲೋ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿಸಿ, ಲೇತಿಗೆ ಕಳುಹಿಸಿ ಅದರ ತಳ ಸಮ ಮಾಡುವ ಫೇಸಿಂಗ್ ಮಾಡಿಸಿ, ಆಮೇಲೂ ಹೀಟ್ ಆಗುತ್ತಿದೆಯೆಂದು ಬಂದ ಗಿರಾಕಿಯ ಮುಖ ಈಗಲೂ ನೆನಪಿದೆ.

ಇನ್ನೊಂದು ಕೆಟ್ಟ ಚಾಳಿ, ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತೆಸೆಯುವುದು. 'ನಮ್ಮ ಸೆಕೆಗೆ ಅದು ಬೇಡ' ಎಂದು ಹೇಳುವ ಮೆಕ್ಯಾನಿಕ್‌ಗಳು ನನ್ನ ವೃತ್ತಿಯಲ್ಲೇ ಇದ್ದಾರೆ. ಅದಿಲ್ಲದಿದ್ದರೆ ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಇಂಧನ ಹೆಚ್ಚು ಕುಡಿಯುತ್ತದೆ. ಸೋರಿಕೆ ಹಾಗೆಯೇ ಉಳಿಯುತ್ತದೆ.

ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಅದರ ಕೆಳಗಿನ ಇಂಜಿನ್ ಬ್ಲಾಕಿಗೂ ನಡುವಿನ ಸೀಲ್) ಹೋಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಅನುಮಾನಿಸಲೇಬೇಕು. ಆದರೆ ಮಳೆಗಾಲದಲ್ಲಿ, ಮನೆಯಿಂದ ಪೇಟೆಗಷ್ಟೇ ಓಡಾಡುವ ಕಾರಿನ ಆಯಿಲ್ ಮುಚ್ಚಳದ ಅಡಿಯಲ್ಲಿ ಬಿಳಿ ನೊರೆ ಕಾಣುವುದುಂಟು. ಅದು ಬರೀ ತೇವಾಂಶದಿಂದಲೂ ಆಗುತ್ತದೆ. ಅದನ್ನೇ ತೋರಿಸಿ ಹೆದರಿಸುವವರಿದ್ದಾರೆ.

ಆದ್ದರಿಂದ ಗಿರಾಕಿಗಳಲ್ಲಿ ನನ್ನ ವಿನಂತಿ: ಹೆಡ್ ಬಿಚ್ಚಲು ಒಪ್ಪುವ ಮುನ್ನ ಪ್ರೆಶರ್ ಟೆಸ್ಟ್ ಮಾಡಿ ತೋರಿಸಿ ಎಂದು ಕೇಳಿ. ಕೈಪಂಪಿನಿಂದ ರೇಡಿಯೇಟರಿನೊಳಗೆ ಗಾಳಿ ಒತ್ತಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುತ್ತದೆಯೇ, ಎಲ್ಲಿ ಜಿನುಗುತ್ತದೆ ಎಂದು ನೋಡುವುದಷ್ಟೇ. ಬಹಳ ಹೊತ್ತು ಹಿಡಿಯುವುದಿಲ್ಲ. ಸಂಬಂಧಪಟ್ಟವರು ಸೋಮೇಶ್ವರದಲ್ಲಿ, ಘಾಟಿ ಶುರುವಾಗುವ ಮೊದಲೇ, ಒಂದು ಫಲಕ ಹಾಕಿಸಲಿ: ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ, ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಕಳೆದ ಬೇಸಿಗೆಯಲ್ಲಿ ಮುಂಗೈ ಸುಟ್ಟುಕೊಂಡು ಬಂದ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ.

– ಒಬ್ಬ ಕಾರು ಮೆಕ್ಯಾನಿಕ್, ಹೆಬ್ರಿ