ಫೆಂಡರ್ ಕೊಯ್ಯುವ ಮುನ್ನ ಮಗಳಿಗೊಂದು ಪತ್ರ

ಸಕಲೇಶಪುರ
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ಫೆಂಡರ್ ಕೊಯ್ದು ಸ್ನಾರ್ಕೆಲ್ ಕೂರಿಸುತ್ತೇನೆ ಅಂತ ನೀನು, ಬೇಡ ಅಂತ ನಾನು; ಫೋನಿನಲ್ಲಿ ಆಡಿದ ಆ ಮಾತು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಎತ್ತುವುದಿಲ್ಲ. ನಡುವೆ ಫೋನ್ ಇಟ್ಟದ್ದು ನನ್ನ ತಪ್ಪು. ಆಮೇಲೆ ನೀನು ಕಳಿಸಿದ ಫೋಟೊ ನೋಡಿದೆ. ನಿನ್ನ ಜಿಮ್ನಿ ಗಾಡಿಯ ಫೆಂಡರ್, ಅಂದರೆ ಮುಂಚಕ್ರದ ಮೇಲಿನ ತಗಡು, ಅದರ ಮೇಲೆ ಮಾಸ್ಕಿಂಗ್ ಟೇಪ್, ಟೇಪಿನ ಮೇಲೆ ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಪೈಪಾದ ಸ್ನಾರ್ಕೆಲ್‌ನ ಕಾಗದದ ಟೆಂಪ್ಲೇಟ್, ಪೆನ್ಸಿಲ್ ಗುರುತು. ಬಾಗಿಲು ಪೂರ್ತಿ ತೆರೆದರೆ ಪೈಪಿಗೆ ತಾಗುತ್ತದೋ ಎಂದು ಅಳೆದು ಪಕ್ಕದಲ್ಲೇ ಬರೆದಿದ್ದೀಯ. ಅದನ್ನು ಅಮ್ಮನಿಗೆ ಎರಡು ಸಲ ತೋರಿಸಿದೆ. ಇಷ್ಟು ಅಳೆದವಳು ಭಾನುವಾರ ಕೊಯ್ಯದೆ ಬಿಡುವುದಿಲ್ಲ. ಬೇಡ ಅನ್ನುವುದನ್ನು ನಿಲ್ಲಿಸಿದ್ದೇನೆ, ಹೇಗೆ ಅಂತ ಬರೆಯುತ್ತೇನೆ.

ಫೆಂಡರ್ ಬೋಲ್ಟಿನ ಮೇಲೆ ನಿಂತ ಭಾಗ. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು, ಹೋಗುವುದು ದುಡ್ಡು. ಆದ್ದರಿಂದ ಗಾಡಿಯ ಮೇಲೆ ಕೊಯ್ಯಬೇಡ. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ತೆಗೆದು, ಬಂಪರ್ ಸಡಿಲಿಸಿ, ಫೆಂಡರನ್ನೇ ಬಿಚ್ಚಿ ಹಳೆಯ ಕಂಬಳಿಯ ಮೇಲೆ ಇಡು. ಹಿಂದೆ ವೈರಿಂಗ್ ಹೋಗಿದೆಯೋ, ಎಸಿ ಪೈಪ್ ಇದೆಯೋ ಅನ್ನುವ ಅನುಮಾನವೂ ಆಗ ಕಣ್ಣಿಗೇ ಬಗೆಹರಿಯುತ್ತದೆ. ಸೆಂಟರ್ ಪಂಚಿನಿಂದ ಗುರುತು ಹೊಡೆದು, 3 ಮಿ.ಮೀ. ಡ್ರಿಲ್‌ನಲ್ಲಿ ಮೊದಲ ತೂತು ಮಾಡು. ನಂತರ ಸ್ನಾರ್ಕೆಲ್ ಕಿಟ್ ಹೇಳಿದ ಅಳತೆಯ ಹೋಲ್ ಸಾ, ಅಂದರೆ ದುಂಡಗೆ ಕೊಯ್ಯುವ ಗರಗಸ, ನಿಧಾನ ವೇಗದಲ್ಲಿ. ಆ ತಗಡಿನ ದಪ್ಪ ಒಂದು ಮಿ.ಮೀ.ಗಿಂತ ಕಮ್ಮಿ, ಒತ್ತಿದರೆ ಹಲ್ಲು ಸಿಕ್ಕಿಕೊಂಡು ತಗಡನ್ನೇ ಮಡಚಿಬಿಡುತ್ತದೆ. ಆಂಗಲ್ ಗ್ರೈಂಡರ್ ಮಾತ್ರ ಬೇಡ. ಅದರ ಕಿಡಿ ಗಾಜಿನಲ್ಲಿ, ಬಣ್ಣದಲ್ಲಿ ಕಚ್ಚಿಕೊಂಡು ಕೂರುತ್ತದೆ, ಕೊಯ್ದ ಜಾಗದ ಸುತ್ತ ಬಣ್ಣವೂ ಸುಟ್ಟುಹೋಗುತ್ತದೆ. ಕನ್ನಡಕ, ಕೈಗವಸು ಹಾಕಿಕೋ.

ಇನ್ನು ಅಂಚು. ನನಗೆ ನಿದ್ದೆ ಬಾರದಿರುವುದು ಇದರಿಂದಲೇ.

ಕಂಪನಿಯಲ್ಲಿ ಬಾಡಿಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಪ್ರೈಮರ್, ಅಂದರೆ ತುಕ್ಕು ತಡೆಯುವ ತಳಬಣ್ಣ, ಕೂರಿಸುತ್ತಾರೆ. ಮೂಲೆಮೂಲೆಗೂ ಅದು ಹೋಗಿರುತ್ತದೆ. ನೀನು ಕೊಯ್ದ ಕ್ಷಣಕ್ಕೆ ಆ ವೃತ್ತದ ಸುತ್ತ ಬರೀ ಕಬ್ಬಿಣ ಹೊರಗೆ ಬರುತ್ತದೆ. ನೀನಿರುವುದು ಮಂಗಳೂರಿನಲ್ಲಿ. ಮಳೆಗಾಲದ ನೀರು ಒಂದು ಕಡೆ, ಸಮುದ್ರದ ಉಪ್ಪುಗಾಳಿ ಇನ್ನೊಂದು ಕಡೆ. ಬಣ್ಣ ಬಳಿದರಾಯಿತು ಅಂದುಕೊಳ್ಳುತ್ತೀಯ. ಅಂಚು ಚೂಪಾಗಿದ್ದರೆ ಹಸಿ ಬಣ್ಣ ಅಲ್ಲಿ ನಿಲ್ಲುವುದಿಲ್ಲ ಕಣಮ್ಮಾ, ಎರಡೂ ಬದಿಗೆ ಸರಿದು ತುದಿಯಲ್ಲಿ ತೆಳ್ಳಗಾಗುತ್ತದೆ. ನೋಡುವುದಕ್ಕೆ ಬಣ್ಣ ಇದ್ದಂತೆಯೇ ಕಾಣುತ್ತದೆ. ಅದಕ್ಕೇ ಮೊದಲು ಅರೆದುಂಡು ಅರದಿಂದ ಉಜ್ಜು, ಆಮೇಲೆ 180, ಕೊನೆಗೆ 320 ನಂಬರಿನ ಉಪ್ಪುಕಾಗದ. ಬೆರಳು ಸುತ್ತ ಓಡಿಸಿದರೆ ಎಲ್ಲೂ ಕೊಕ್ಕೆ ಸಿಗಬಾರದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸು, ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡ. ಎಪಾಕ್ಸಿ ಪ್ರೈಮರನ್ನು ಅಂಚಿಗೆ ಮಾತ್ರ ಸಣ್ಣ ಬ್ರಶ್‌ನಲ್ಲಿ ಒಂದು ಸಲ ತುಂಬು, ಆಮೇಲೆ ಒಳಗೂ ಹೊರಗೂ ಸೇರಿಸಿ ಎರಡು ಕೋಟ್ ಕೊಡು. ಕೋಟಿನ ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಡಬ್ಬಿಯ ಮೇಲಿರುತ್ತದೆ, ಅಷ್ಟು ಬಿಡು. ಮಳೆ ಬೀಳುವ ದಿನ ಈ ಕೆಲಸಕ್ಕೆ ಕೈ ಹಾಕಬೇಡ. ತೇವದ ಗಾಳಿ ತಗಡಿನ ಮೇಲೆ ಕಾಣದಷ್ಟು ನೀರು ಕೂರಿಸುತ್ತದೆ, ಪ್ರೈಮರ್ ಅದನ್ನು ಒಳಗೇ ಮುಚ್ಚಿಬಿಡುತ್ತದೆ. ತುಕ್ಕು ಹೊರಗೆ ಗುಳ್ಳೆಯಾಗಿ ಕಾಣುವ ಹೊತ್ತಿಗೆ ಒಳಗೆ ಬಹಳ ದೂರ ಹೋಗಿರುತ್ತದೆ.

ಅಂಚಿಗೆ ರಬ್ಬರ್ ಬೀಡಿಂಗ್ ಹಾಕುವುದಾದರೆ ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ. ಬಣ್ಣವಿಲ್ಲದ ಅಂಚಿಗೆ ಸಿಕ್ಕಿಸಿದ ಬೀಡಿಂಗ್ ನೀರನ್ನು ಹಿಡಿದಿಟ್ಟುಕೊಳ್ಳುವ ದೋಣಿ. ಸೀಲ್ ಮಾಡಲು ಹುಳಿ ವಾಸನೆಯ ಸಿಲಿಕೋನ್ ತರಬೇಡ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಕಬ್ಬಿಣವನ್ನು ಅದೇ ತಿನ್ನುತ್ತದೆ. ಪಾಲಿಯುರೆಥೇನ್ ಸೀಲೆಂಟ್ ಕೇಳು. ಕೊಯ್ದ ಪುಡಿಯನ್ನು ಕಂಪ್ರೆಸರಿನಿಂದ ಊದಬೇಡ, ಸಂದಿಗೆ ಹೋಗಿ ಒಂದೇ ರಾತ್ರಿಗೆ ಕಂದು ಚುಕ್ಕೆಯಾಗುತ್ತದೆ. ವ್ಯಾಕ್ಯೂಮಿನಲ್ಲಿ ಎಳೆ, ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತ ಆಡಿಸು.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಸ್ನಾರ್ಕೆಲ್ ಬಾಯನ್ನು ದಪ್ಪ ರಬ್ಬರ್ ಶೀಟಿನಿಂದ ಮುಚ್ಚು. ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಏರ್ ಫಿಲ್ಟರ್ ಡಬ್ಬಿಯಲ್ಲೋ, ಅದರ ತಳದ ನೀರಿಳಿಯುವ ರಬ್ಬರಿನಲ್ಲೋ, ಕ್ಲಾಂಪಿನಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ಗಾಳಿ ಹೋಗುವ ಕಡೆ ನೀರೂ ಹೋಗುತ್ತದೆ. ನೀರನ್ನು ಪಿಸ್ಟನ್ ಅದುಮಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸ್ನಾರ್ಕೆಲ್ ಇದೆ ಅಂತ ತುಂಬಿದ ಹೊಳೆಗೆ ಇಳಿಯಬೇಡ. ಅದು ಎಂಜಿನ್ನಿನ ಮೂಗು ಮಾತ್ರ. ಆಕ್ಸಲ್ ಉಸಿರಾಡುವ ಕೊಳವೆಯನ್ನು (ಬ್ರೀದರ್) ಎತ್ತರಕ್ಕೆ ಒಯ್ದಿಲ್ಲ, ಬಾಗಿಲಿನಿಂದ ನೀರು ಬರುತ್ತದೆ, ಹರಿವು ಜೋರಾದರೆ ಗಾಡಿ ತೇಲುತ್ತದೆ. ಇದು ಉಪದೇಶವಾಯಿತು, ಗೊತ್ತು. ಅಳಿಸುವುದಿಲ್ಲ.

ಕಾಗದಪತ್ರದ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬಂತು. ಕೊಯ್ಯುವ ಮೊದಲೇ ಆರ್‌ಟಿಒ ಕಚೇರಿಗೂ ಇನ್ಶೂರೆನ್ಸ್‌ನವರಿಗೂ ಬರೆದು, ಬರಹದಲ್ಲೇ ಉತ್ತರ ತಗೋ. ಭಾನುವಾರದೊಳಗೆ ಉತ್ತರ ಬಾರದಿದ್ದರೆ ಭಾನುವಾರವನ್ನು ಮುಂದೆ ಹಾಕು. ಬಂಪರ್ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕುವ ಆಸೆಯನ್ನಂತೂ ಬಿಟ್ಟುಬಿಡು.

ಈಗ ಕೇಳಿಕೊಳ್ಳುವುದು ಒಂದೇ. ಸ್ನಾರ್ಕೆಲ್‌ನ ಮೇಲ್ತುದಿ ಹಿಡಿಸಬೇಕಾದ ಎ-ಪಿಲ್ಲರ್, ಅಂದರೆ ಮುಂಗಾಜಿನ ಪಕ್ಕದ ಕಂಬ, ಮುಟ್ಟಬೇಡ, ನಾನು ಬರುತ್ತೇನೆ. ಅದು ಗಾಡಿಯ ಬಾಡಿಯ ಜೊತೆ ವೆಲ್ಡ್ ಆದ ಮೂಳೆ, ಗಾಡಿ ಮಗುಚಿದರೆ ಚಾವಣಿ ಹೊರುವುದು ಅದೇ. ಬಿಚ್ಚಿ ಬೇರೆ ಹಾಕಲು ಆಗುವುದಿಲ್ಲ. ನಿನ್ನ ಗಾಡಿಗೆ ಆರು ಏರ್‌ಬ್ಯಾಗ್, ಅದರಲ್ಲಿ ಕರ್ಟನ್ ಏರ್‌ಬ್ಯಾಗ್ ಆ ಬದಿಯಲ್ಲೇ ಮಡಚಿ ಕೂತಿರುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆದು, ಸ್ವಲ್ಪ ಹೊತ್ತು ಕಾದು, ಒಳಗಿನ ಟ್ರಿಮ್ ಬಿಚ್ಚಿ ಇಬ್ಬರೂ ನೋಡೋಣ. ಡ್ರಿಲ್ ಬಿಟ್‌ಗೆ ತುದಿಯಿಂದ 10 ಮಿ.ಮೀ. ಬಿಟ್ಟು ಟೇಪ್ ಸುತ್ತಿ, ಹೊರಗಿನ ತಗಡನ್ನಷ್ಟೇ ದಾಟೋಣ. ಆ ತೂತಿನ ಅಂಚಿಗೂ ಪ್ರೈಮರ್ ಬೇಕು.

ಫೆಂಡರಿನ ತೂತು ಕೊರೆದು, ಬಣ್ಣ ಕೊಟ್ಟು, ವಾಪಸ್ ಕೂರಿಸಿ ಬಾಯಿಗೆ ಪ್ಲಾಸ್ಟಿಕ್ ಅಂಟಿಸಿಡು. ಹಳೆಯ ಗಾಳಿ ಪೈಪ್ ಇದ್ದಲ್ಲೇ ಇರಲಿ. ಅದರ ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಆ ವಾರದಲ್ಲಿ ಬಣ್ಣವೂ ಗಟ್ಟಿಯಾಗಿರುತ್ತದೆ. ಅರವನ್ನೂ ಪ್ರೈಮರನ್ನೂ ಅಲ್ಲೇ ತಗೋ. ಅಂಚಿನ ಫೋಟೊ ಉಜ್ಜಿದ ಮೇಲೆ ಒಂದು, ಪ್ರೈಮರ್ ಆದ ಮೇಲೆ ಒಂದು ಕಳಿಸು, ಹತ್ತಿರದಿಂದ ತೆಗೆದದ್ದು.

ಇಂತಿ,
ಅಪ್ಪ