ಬೇಲೂರಿನಲ್ಲಿ ಇಳಿದುಹೋದ ಅಕ್ಕನಿಗೆ

ಹಾಸನದಿಂದ ಚಿಕ್ಕಮಗಳೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಿರಿ. ನನ್ನ ಕೈಯಲ್ಲಿ ಅಪ್ಪನ ರಕ್ತಪರೀಕ್ಷೆಯ ರಿಪೋರ್ಟ್ ಇತ್ತು. ಕ್ರಿಯಾಟಿನಿನ್ ಜಾಸ್ತಿ ಅಂದಿದ್ದರು, ಹಾಗಂದರೇನು ಅಂತ ಯಾರೂ ಹೇಳಿರಲಿಲ್ಲ.

ನರ್ಸ್ ಅಂತ ಹೇಳಿಕೊಂಡ ನೀವು ಮೊದಲು ಕೇಳಿದ್ದು, "ಮನೇಲಿ ಕಾಫಿ ಫಿಲ್ಟರ್ ಇದೆ ತಾನೇ?" (ನಮ್ಮ ಕಡೆಯವರನ್ನು ಕೇಳೋ ಪ್ರಶ್ನೆಯಾ ಅದು!) ಒಂದೊಂದು ಕಿಡ್ನಿಯಲ್ಲೂ ಅಂಥ ಪುಟ್ಟ ಫಿಲ್ಟರುಗಳು ಸುಮಾರು 10 ಲಕ್ಷ ಇರುತ್ತವೆ ಅಂದಿರಿ. ರಕ್ತಕಣ, ಪ್ರೋಟೀನು ಮೇಲೇ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಕಸ ಕೆಳಗಿಳಿಯುತ್ತವೆ. ದಿನಕ್ಕೆ ಸುಮಾರು 180 ಲೀಟರ್! ಅಷ್ಟೆಲ್ಲ ಹೊರಗೆ ಹೋದರೆ ಮನುಷ್ಯ ಉಳಿಯೋದುಂಟಾ ಅಂದೆ. ಕಾಫಿ ಫಿಲ್ಟರಿನ ಕಥೆ ಅಲ್ಲಿಗೆ ಮುಗೀತು ಅಂತ ನಕ್ಕಿರಿ. ಇಳಿದದ್ದರಲ್ಲಿ ಬೇಕಾದ್ದನ್ನೆಲ್ಲ ಸಣ್ಣ ಕೊಳವೆಗಳು ರಕ್ತಕ್ಕೆ ವಾಪಸ್ ಎಳೆದುಕೊಳ್ಳುತ್ತವಂತೆ. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರಿನಷ್ಟು. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ, ಸೋಸುವುದು ಕಮ್ಮಿಯಾದರೆ ರಕ್ತದಲ್ಲೇ ನಿಲ್ಲುತ್ತದೆ.

"ಸುಮ್ನೆ ಹೆದರಬೇಡಿ, ಡಾಕ್ಟರಿಗೆ ತೋರಿಸಿ. ಅವರನ್ನು ಕೇಳದೆ ನೋವಿನ ಮಾತ್ರೆ ಮಾತ್ರ ಕೊಡಬೇಡಿ" ಅಂದಿರಿ. ಅಪ್ಪ ಮಂಡಿನೋವಿಗೆ ದಿನಾ ನುಂಗುತ್ತಿದ್ದದ್ದು ಅದನ್ನೇ. ಡಾಕ್ಟರಿಗೆ ಹೇಳಿದೆವು, ನಿಲ್ಲಿಸಿದರು.

ಹೆಸರು ಕೇಳುವಷ್ಟರಲ್ಲಿ ಬೇಲೂರು ಬಂದಿತ್ತು. ತುಂಬಾ ಥ್ಯಾಂಕ್ಸ್ ಅಕ್ಕಾ.